ಮಾಲ್ಫಾಯ್ ಯಾರ ಮುಂದೆ ಅತ್ತ?

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಕಾಗದ ತಲುಪಿತು. ಕ್ಲಾಸಿನಲ್ಲಿ ನೀನು ಇಂಗ್ಲಿಷ್ ಪಾಠ ಓದಲು ಎದ್ದು ನಿಂತರೆ ಸಾಕು, ಆ ಹುಡುಗಿ ನಿನ್ನ ಹಾಗೇ ತಡವರಿಸಿ ಅಣಕಿಸುತ್ತಾಳೆ, ಹಿಂದಿನ ಬೆಂಚಿನವರೆಲ್ಲ ನಗುತ್ತಾರೆ ಎಂದು ಬರೆದಿದ್ದೀಯ. ಓದಿ ಹೊಟ್ಟೆ ಉರಿಯಿತು. "ಅವಳು ನಮ್ಮ ಶಾಲೆಯ ಮಾಲ್ಫಾಯ್, ಹುಟ್ಟಾ ಕೆಟ್ಟವಳು" ಎಂದೂ ಬರೆದಿದ್ದೀಯ. ಹಾಗಾದರೆ ಹ್ಯಾರಿ ಪಾಟರ್ ಕಥೆಯ ಮಾಂತ್ರಿಕರ ಶಾಲೆಯಲ್ಲಿ ಹ್ಯಾರಿಯನ್ನು ಕಾಡುವ ಆ ಮಾಲ್ಫಾಯ್ ವಿಷಯವನ್ನೇ ಮೊದಲು ಮಾತಾಡೋಣ. ಹ್ಯಾರಿ ಪಾಟರ್ ಆರನೇ ಪುಸ್ತಕ 2005ರಲ್ಲಿ ಬಂದಾಗ ನಿನ್ನಮ್ಮನೂ ನಾನೂ ಒಂದೇ ಪ್ರತಿಗೆ ಕಿತ್ತಾಡಿ ಓದಿದವರು. ನನಗೂ ಅವನು ಚೆನ್ನಾಗಿ ಪರಿಚಯ.

ಎರಡನೇ ಪುಸ್ತಕ ಮತ್ತೊಮ್ಮೆ ತೆಗೆದು ನೋಡು. ಶಾಲೆ ಶುರುವಾಗುವ ಮೊದಲು ಮಾಲ್ಫಾಯ್ ಅಪ್ಪ ಮಗ, ಮಾಟದ ಸಾಮಾನಿನ ಬೋರ್ಗಿನ್ ಅಂಗಡಿಗೆ ಹೋಗುತ್ತಾರೆ. ಹ್ಯಾರಿ ಅಲ್ಲೇ ಬೀರುವಿನೊಳಗೆ ಅವಿತಿರುತ್ತಾನೆ. ಮಗ ಹ್ಯಾರಿಯ ಗೆಳತಿ ಹರ್ಮಯೊನಿಯ ಮೇಲೆ ದೂರು ಹೇಳುತ್ತಾನೆ. ಅಪ್ಪ ಲೂಸಿಯಸ್ ಸಮಾಧಾನ ಮಾಡುವುದಿಲ್ಲ. ಮಾಂತ್ರಿಕರ ಮನೆತನದವಳೇ ಅಲ್ಲದ ಹುಡುಗಿ ಎಲ್ಲ ಪರೀಕ್ಷೆಯಲ್ಲೂ ನಿನ್ನನ್ನು ಸೋಲಿಸಿದಳಲ್ಲ, ನಿನಗೆ ನಾಚಿಕೆಯಾಗಬೇಕಿತ್ತು ಎನ್ನುತ್ತಾನೆ. ಅದೂ ಅಂಗಡಿಯವನ ಎದುರಿಗೇ. ಹನ್ನೆರಡು ವರ್ಷದ ಹುಡುಗ ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಾನೆ.

ಮುಂದೆ ಕೆಲವೇ ಅಧ್ಯಾಯಕ್ಕೆ ಆಟದ ಮೈದಾನದ ಜಗಳ ಬರುತ್ತದೆ. ಅಪ್ಪ ಇಡೀ ತಂಡಕ್ಕೆ ನಿಂಬಸ್ 2001 ಎಂಬ ಹಾರುವ ಪೊರಕೆ ಕೊಡಿಸಿದ್ದಾನೆ, ಮಗ ತಂಡ ಸೇರಿದ್ದಾನೆ. ನಮ್ಮ ತಂಡದಲ್ಲಿ ದುಡ್ಡು ಕೊಟ್ಟು ಯಾರೂ ಸೇರಿಲ್ಲ ಎಂದಳು ಹರ್ಮಯೊನಿ. ಅಪ್ಪ ಕೆರೆದಿದ್ದ ಗಾಯಕ್ಕೇ ಅವಳ ಮಾತು ತಾಗಿತು. ತಕ್ಷಣ ಅವಳ ಹುಟ್ಟನ್ನೇ ಹಿಡಿದು ಆ ಹೊಲಸು ಬೈಗುಳ ಬೈದ.

ಇನ್ನೊಂದು ಗಮನಿಸು. ಮೂರನೇ ಪುಸ್ತಕದಲ್ಲಿ ರೈಲಿಗೆ, ಮನಸ್ಸಿನ ಸಂತೋಷವನ್ನೆಲ್ಲ ಹೀರುವ ಡಿಮೆಂಟರ್‌ಗಳು ಬಂದಾಗ ಹ್ಯಾರಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಮರುದಿನ ಮಾಲ್ಫಾಯ್ ಮೂರ್ಛೆ ಹೋದವರಂತೆ ನಟಿಸಿ ಎಲ್ಲರನ್ನೂ ನಗಿಸುತ್ತಾನೆ. ಆದರೆ ಹಿಂದಿನ ರಾತ್ರಿ ಅವನೇ ಹೆದರಿ ತಮ್ಮ ಬೋಗಿಗೆ ಓಡಿಬಂದಿದ್ದ ಎಂದು ಹ್ಯಾರಿಯ ಗೆಳೆಯ ರಾನ್‌ನ ಅವಳಿ ಅಣ್ಣಂದಿರು ಹೇಳುತ್ತಾರೆ. ತನ್ನೊಳಗೆ ಯಾವುದಕ್ಕೆ ನಾಚಿಕೊಳ್ಳುತ್ತಾನೋ ಅದನ್ನೇ ಇನ್ನೊಬ್ಬರಲ್ಲಿ ಹುಡುಕಿ ನಗುತ್ತಾನೆ ಅವನು. ಅವನ ಕ್ರೌರ್ಯದ ಗುಟ್ಟು ಇದೇ ಎಂದು ನನಗನ್ನಿಸುತ್ತದೆ. ನಗು ತನ್ನ ಕಡೆ ತಿರುಗೀತು ಅನ್ನೋ ಭಯ ಅವನನ್ನು ಬಿಡುವುದೇ ಇಲ್ಲ.

ಆರನೇ ಪುಸ್ತಕದಲ್ಲಿ ಆ ಭಯಕ್ಕೆ ಅಡಗಲು ಜಾಗವೇ ಉಳಿಯುವುದಿಲ್ಲ. ಅಪ್ಪ ಜೈಲಿನಲ್ಲಿ. ಶಾಲೆಯ ಹೆಡ್ ಮಾಸ್ಟರ್ ಡಂಬಲ್‌ಡೋರ್‌ರನ್ನು ಕೊಲ್ಲು, ಇಲ್ಲವಾದರೆ ನಿನ್ನನ್ನೇ ಕೊಲ್ಲುತ್ತೇನೆ ಎಂದು ದುಷ್ಟ ಮಾಂತ್ರಿಕ ವೋಲ್ಡೆಮಾರ್ಟ್ ಬೆದರಿಸಿದ್ದಾನೆ. ಹುಡುಗ ಶೌಚಾಲಯದ ಸಿಂಕ್ ಹಿಡಿದುಕೊಂಡು ಗೊಳೋ ಎಂದು ಅಳುತ್ತಾನೆ. ಯಾರ ಮುಂದೆ? ಮಿರ್ಟಲ್ ಎಂಬ ದೆವ್ವದ ಮುಂದೆ. ಬದುಕಿದ್ದಾಗ ಅವಳ ಕನ್ನಡಕ ನೋಡಿ ಜೊತೆಯವಳೊಬ್ಬಳು ಆಡಿಕೊಂಡಿದ್ದಕ್ಕೆ ಶೌಚಾಲಯ ಸೇರಿ ಅಳುತ್ತಿದ್ದವಳು, ಅಲ್ಲೇ ಸತ್ತವಳು. ಅವಳೂ ಮಾಂತ್ರಿಕರ ಮನೆತನದವಳಲ್ಲ. ಎರಡನೇ ಪುಸ್ತಕದಲ್ಲಿ ಮಾಲ್ಫಾಯ್, ಹಿಂದೊಮ್ಮೆ ಅಂಥವಳೊಬ್ಬಳು ಸತ್ತಿದ್ದಳು, ಈ ಸಲ ಹರ್ಮಯೊನಿ ಸಾಯಲಿ ಎಂದಿದ್ದನಲ್ಲ, ಆ ಸತ್ತವಳು ಇವಳೇ. ನಾಲ್ಕು ವರ್ಷ ಕಳೆದ ಮೇಲೆ ಇಡೀ ಶಾಲೆಯಲ್ಲಿ ಅವನ ಅಳು ಕೇಳಲು ಸಿಕ್ಕವಳೂ ಇವಳೇ. ಈ ಪುಟಕ್ಕೆ ಬಂದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಹಾಗಂತ ಅವನನ್ನು ಕ್ಷಮಿಸಿಬಿಡು ಎನ್ನುತ್ತಿಲ್ಲ ಪುಟ್ಟಿ. ಅವನ ಭಯಕ್ಕೆ, ಡಂಬಲ್‌ಡೋರ್‌ಗೆಂದು ಅವನು ಹೂಡಿದ ಸಂಚಿಗೆ ಸಿಕ್ಕಿ, ಅದೇ ಶಾಲೆಯ ಕೇಟಿ ಬೆಲ್ ಸಾವಿನ ಬಾಯಿಗೆ ಹೋಗಿ ಬಂದಳು, ರಾನ್ ವಿಷ ಕುಡಿದ. ಭಯ ಅವನದು, ಪೆಟ್ಟು ಇವರಿಗೆ. ಅದು ಯಾವ ನ್ಯಾಯ? ನಿನ್ನ ವಿಷಯದಲ್ಲೂ ಅಷ್ಟೇ. ಆ ಹುಡುಗಿಗೆ ಎಂಥದೇ ಕಷ್ಟವಿರಲಿ, ನೀನು ಸುಮ್ನೆ ಸಹಿಸಿಕೊಂಡು ಕೂರಬೇಕಿಲ್ಲ. ಈ ವಾರವೇ ಕ್ಲಾಸ್ ಟೀಚರ್‌ಗೆ ಹೇಳು. ಎಂದು, ಯಾವ ಪೀರಿಯಡ್‌ನಲ್ಲಿ, ಏನಂದಳು ಎಂದು ಬರೆದುಕೊಂಡು ಹೋಗು. ಮೊದಲು ಅಮ್ಮನಿಗೆ ಹೇಳು. ಅವಳಿಗೆ ಬೇಜಾರಾಗುತ್ತದೆ ಎಂದು ಮುಚ್ಚಿಟ್ಟಿದ್ದೀಯಲ್ಲ, ಆಮೇಲೆ ಗೊತ್ತಾದರೆ ಅವಳಿಗೆ ಇನ್ನೂ ಜಾಸ್ತಿ ಬೇಜಾರು.

ಆದರೆ ಒಂದು ಮಾತು ಮಾತ್ರ ದೊಡ್ಡಮ್ಮನಿಗಾಗಿ ನಡೆಸಿಕೊಡು. ಅವಳ ಮನೆಯಲ್ಲಿ ಏನು ನಡೆಯುತ್ತದೋ ನಮಗೆ ಗೊತ್ತಿಲ್ಲ, ಊಹಿಸೋದೂ ಬೇಡ. ಅವಳು ಯಾವುದಕ್ಕೆ ಹೆದರುತ್ತಾಳೆ ಎಂದು ಒಂದು ದಿನ ನಿನ್ನ ಕಣ್ಣಿಗೆ ಬಿದ್ದರೂ ಬೀಳಬಹುದು. ಆ ಜಾಗಕ್ಕೆ ಕೈ ಹಾಕಬೇಡ. ಮಾಲ್ಫಾಯ್ ಅಳುವುದನ್ನು ಹ್ಯಾರಿ ಕಣ್ಣಾರೆ ಕಂಡ. ಮೊದಲು ಮಂತ್ರ ಬಿಟ್ಟವನು ಮಾಲ್ಫಾಯ್‌ನೇ, ನಿಜ. ಆದರೆ ಏನಾಗುತ್ತದೆಂದು ತಿಳಿಯದ ಮಂತ್ರವನ್ನು ಹ್ಯಾರಿ ಬಿಟ್ಟ, ಆ ಹುಡುಗ ರಕ್ತದಲ್ಲಿ ಬಿದ್ದ. ಗೆದ್ದೆ ಅಂತ ಹ್ಯಾರಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಗಾಬರಿಯಿಂದ ಅವನ ಪಕ್ಕದಲ್ಲೇ ಕುಸಿದು ಕೂತ.

ಓದು ಅಂದಾಗ ಎದ್ದು ನಿಂತು ಓದು. ತಡವರಿಸಿದರೆ ತಡವರಿಸು. ರಾತ್ರಿ ಊಟ ಆದ ಮೇಲೆ ಫೋನ್ ಮಾಡಿದರೆ ಮರುದಿನದ ಪಾಠವನ್ನು ಇಬ್ಬರೂ ಸೇರಿ ಗಟ್ಟಿಯಾಗಿ ಓದೋಣ. ಟೀಚರ್ ಏನಂದರು ಅಂತಲೂ ಹೇಳು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ನಾನೇ ಬಸ್ಸು ಹತ್ತಿ ಬರುತ್ತೇನೆ, ಅಮ್ಮನ ಜೊತೆ ಹೆಡ್ ಮಿಸ್ ಹತ್ತಿರ ಹೋಗೋಣ.

ನಿನ್ನ ಪ್ರೀತಿಯ
ದೊಡ್ಡಮ್ಮ