ಮೈಸೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ಒಂದೇ ಕಾರ್ಡಿನಲ್ಲಿ ನಮ್ಮಿಬ್ಬರ ಹೆಸರು ಸೇರಿಸಿ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಹುಣಸೂರು ತಾಲ್ಲೂಕಿನ ಹಕ್ಕಿಪಿಕ್ಕಿ ಬುಡಕಟ್ಟಿನ ಹೆಣ್ಣು. ಮೈಸೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸಂಗಾತಿಯ ಜೊತೆ ಇದ್ದೇನೆ. ಅವಳೂ ಹೆಣ್ಣೇ, ಮಂಡ್ಯ ಕಡೆಯವಳು. ನಾವು ಕೇಳುತ್ತಿರುವುದು ಇಷ್ಟೇ: ಇಬ್ಬರ ಹೆಸರೂ ಇರುವ ಒಂದು ರೇಷನ್ ಕಾರ್ಡ್.

ರೂಲ್ಸ್ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮಂಥ ಜೋಡಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರು ಅಂತ ನೋಡಿ ಎಂದು ಕೇಂದ್ರದ ಆಹಾರ ಇಲಾಖೆ 2024ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಆ ಕಾಗದ ದಿಲ್ಲಿಯಿಂದ ಹೊರಟಿದ್ದು ನಿಜ. ನಾವು ಹೋದ ಕೌಂಟರಿಗೆ ಮಾತ್ರ ಇನ್ನೂ ಬಂದಿಲ್ಲ.

ಅಲ್ಲಿ ಏನಾಯ್ತು ಕೇಳಿ. ‘ಯಜಮಾನಿಗೆ ಏನಾಗಬೇಕು’ ಅನ್ನೋ ಜಾಗಕ್ಕೆ ಬಂದಾಗ ಟೈಪ್ ಮಾಡುತ್ತಿದ್ದವರು ಕೈ ನಿಲ್ಲಿಸಿದರು. “ನಿಮ್ಮಿಬ್ಬರಲ್ಲಿ ಗಂಡ ಯಾರಮ್ಮಾ?” ಅಂತ ಕ್ಯೂ ಪೂರ್ತಿ ಕೇಳೋ ಹಾಗೆ ಕೇಳಿದರು. ಹಿಂದಿದ್ದವರು ನಕ್ಕರು. ಆಮೇಲೆ ನನ್ನ ಜಾತಿ ಸರ್ಟಿಫಿಕೇಟ್ ತಿರುಗಿಸಿ ನೋಡಿ, “ಹಕ್ಕಿಪಿಕ್ಕಿನಾ? ಹೇರ್ ಆಯಿಲ್ ಮಾರೋದು ಬಿಟ್ಟು ಇದ್ಯಾವಾಗ ಶುರು ಮಾಡಿದ್ರಿ?” ಅಂದರು. ಮತ್ತೆ ನಗು. ಅವಳ ಕಡೆ ತಿರುಗಿ, “ನೀವು ನೋಡಿದ್ರೆ ಒಳ್ಳೆ ಮನೆಯವರ ಥರ ಇದ್ದೀರ, ಇವರ ಸಹವಾಸ ಯಾಕೆ?” ಅಂತ ಬುದ್ಧಿ ಬೇರೆ. ಅರ್ಜಿ ವಾಪಸ್ ತಳ್ಳಿದರು. ಆಗಲ್ಲ ಅಂತ ಬರೆದುಕೊಡಿ ಅಂದರೆ ಅದೂ ಇಲ್ಲ. ಸರ್ಕಾರಿ ಸಂಬಳಕ್ಕೆ ಇದೂ ಒಂದು ಕೆಲಸ, ಅಲ್ವಾ ಸಾರ್?

ಮದುವೆ ಬೇಡ ಅಂದ ಮೇಲೆ ಊರಿನ ಮನೆಗೆ ನಾನು ಬೇಡವಾದೆ. ಹೆಸರು ಮಾತ್ರ ಅಪ್ಪನ ಕಾರ್ಡಿನಲ್ಲೇ ಇದೆ. ತೆಗೆಸಲು ಅಣ್ಣ ಒಪ್ಪಲ್ಲ, ನನ್ನ ಪಾಲಿನ ಅಕ್ಕಿ ಹೋಗುತ್ತಲ್ಲ! ಇ-ಕೆವೈಸಿ ಬಂದಾಗ ಫೋನ್ ಮಾಡಿ ಕರೆಸಿ, ಬೆರಳು ಒತ್ತಿಸಿಕೊಂಡು, ಕಾಫಿಯನ್ನೂ ಕೊಡದೆ ಕಳಿಸುತ್ತಾರೆ. ಅವಳ ಮನೆಯವರಿಗೋ, ನಾನು ಹೆಣ್ಣು ಅನ್ನೋದಕ್ಕಿಂತ ಹಕ್ಕಿಪಿಕ್ಕಿ ಅನ್ನೋದೇ ದೊಡ್ಡ ಸಂಕಟ. ಇಬ್ಬರೂ ದುಡಿದು ಅಂಗಡಿಯಲ್ಲಿ ದುಡ್ಡು ಕೊಟ್ಟು ಅಕ್ಕಿ ತರುತ್ತಿದ್ದೇವೆ.

ನಾವು ಅಪರಾಧಿಗಳಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. 2023ರಲ್ಲಿ ಮದುವೆಯ ಹಕ್ಕು ಕೊಡಲಿಲ್ಲ. ಸರಿ, ನಾವು ನಿಮ್ಮ ಹತ್ತಿರ ಮದುವೆ ಸರ್ಟಿಫಿಕೇಟ್ ಕೇಳುತ್ತಿಲ್ಲ. ಕಾರ್ಡ್ ಕೊಡಿ. ಊರಿನ ಕಾರ್ಡಿನಿಂದ ನನ್ನ ಹೆಸರು ತೆಗೆಸಿ, ಇಲ್ಲಿ ಅವಳ ಹೆಸರಿನ ಜೊತೆ ಸೇರಿಸಿ. ಆಗಲ್ಲ ಅನ್ನೋದಾದರೆ ಯಾವ ನಿಯಮದಲ್ಲಿ ಆಗಲ್ಲ ಅಂತ ಸೀಲ್ ಹಾಕಿ ಬರೆದುಕೊಡಿ.

ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ನಿಮಗೇ ಕಳಿಸಿದ್ದೇನೆ. ಹೆಸರು, ವಿಳಾಸ ಅದರಲ್ಲಿದೆ. ಇಲ್ಲಿ ಹಾಕಿಲ್ಲ. ಮನೆ ಓನರ್ ಲೆಕ್ಕದಲ್ಲಿ ನಾವಿನ್ನೂ ಅಕ್ಕ ತಂಗಿ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬಳು