‘ಮುಗೀತು’ ಅಂತ ಮೆಸೇಜ್ ಹಾಕಬೇಡ ಮಾರಾಯ

ಸಾಗರ
ಶನಿವಾರ, 12 ಜುಲೈ 2025

ಪ್ರಿಯ ಸುಬ್ಬು,

ಇವತ್ತು ಮತ್ತು ನಾಳೆ ರಾತ್ರಿ ಎಂಟೂವರೆ ಮೇಲೆ ಫೋನ್ ಮಾಡಬೇಡ. ಮಾಡಿದರೂ ಎತ್ತುವುದಿಲ್ಲ. ವಿಂಬಲ್ಡನ್ ಟೆನಿಸ್ ಫೈನಲ್, ಇವತ್ತು ಹೆಂಗಸರದ್ದು, ನಾಳೆ ಗಂಡಸರದ್ದು. ಮೊದಲೆಲ್ಲ ಸಂಜೆ ಆರೂವರೆಗೇ ಶುರುವಾಗುತ್ತಿತ್ತು. ಈ ಸಲ ಲಂಡನ್ನಿನ ನಾಲ್ಕು ಗಂಟೆಗೆ ಇಟ್ಟಿದ್ದಾರೆ. ಊಟ ಮುಗಿಸಿಯೇ ಕೂರಬೇಕು.

ಜೂನ್ 8ರ ರಾತ್ರಿ ನೆನಪಿದೆಯಲ್ಲ? ಪ್ಯಾರಿಸ್ಸಿನ ಫ್ರೆಂಚ್ ಓಪನ್ ಫೈನಲ್. ಸಿನ್ನರ್ ಎರಡು ಸೆಟ್ ಗೆದ್ದಿದ್ದ, ಅಲ್ಕರಾಜ್ ಒಂದು. ನಾಲ್ಕನೇ ಸೆಟ್ಟಿನಲ್ಲಿ ಸಿನ್ನರ್ 5-3 ಮುಂದೆ. ಅಲ್ಕರಾಜ್ ಸರ್ವ್, 0-40. ಮೂರು ಮ್ಯಾಚ್ ಪಾಯಿಂಟ್, ಒಂದು ಗೆದ್ದರೂ ಸಿನ್ನರ್ ಚಾಂಪಿಯನ್. ‘ಮುಗೀತು, ಮಲಗ್ತೀನಿ’ ಅಂತ ನೀನು ಮೆಸೇಜ್ ಹಾಕಿದೆ. ಅದನ್ನು ಓದುತ್ತಿದ್ದ ಹಾಗೇ ಇಲ್ಲಿ ಕರೆಂಟು ಹೋಯಿತು. ಎಲ್ಲೋ ಅಡಿಕೆ ಮರ ತಂತಿ ಮೇಲೆ ಬಿದ್ದಿತ್ತಂತೆ. ಮೊಬೈಲಿನಲ್ಲಿ ಒಂದೇ ಕಡ್ಡಿ ಸಿಗ್ನಲ್. ನಾನೂ ಮುಗಿಯಿತು ಅಂದುಕೊಂಡು ಹಾಸಿಗೆ ಬಿಡಿಸಿದೆ. ಮುಕ್ಕಾಲು ಗಂಟೆ ಬಿಟ್ಟು ಟಿವಿ ತಾನಾಗೇ ಹತ್ತಿಕೊಂಡಿತು. ನೋಡಿದರೆ ಐದನೇ ಸೆಟ್ ನಡೀತಿದೆ! ಸೆಟ್ 6-6 ಆಗಿ, ಕೊನೆಗೆ ಟೈಬ್ರೇಕ್ 10-2, ಅಲ್ಕರಾಜ್‌ಗೆ. ಒಟ್ಟು 5 ಗಂಟೆ 29 ನಿಮಿಷ. ಫ್ರೆಂಚ್ ಓಪನ್ನಿನಲ್ಲಿ ಅಷ್ಟುದ್ದದ ಫೈನಲ್ ಹಿಂದೆಂದೂ ಆಗಿರಲಿಲ್ಲ. ಅದರಲ್ಲಿ ನೋಡಲೇಬೇಕಾದ ಮೂರು ಪಾಯಿಂಟ್ ನಾವಿಬ್ಬರೂ ನೋಡಲಿಲ್ಲ.

ಅದಾಗಿ ಐದೇ ವಾರ. ನಾಳೆ ಮತ್ತೆ ಅದೇ ಇಬ್ಬರು.

ಲೆಕ್ಕವೆಲ್ಲ ನಿನ್ನ ಹುಡುಗನ ಕಡೆಗಿದೆ, ಒಪ್ಪಿದೆ. ಕಳೆದ ಎರಡು ವರ್ಷವೂ ವಿಂಬಲ್ಡನ್ನಿನಲ್ಲಿ ಗೆದ್ದವನು ಅಲ್ಕರಾಜ್. ಗ್ರ್ಯಾನ್‌ಸ್ಲಾಮ್ ಫೈನಲ್ ಐದು ಆಡಿ ಐದೂ ಗೆದ್ದಿದ್ದಾನೆ. ಸಿನ್ನರ್ ಮೇಲೆ ಕೊನೆಯ ಐದು ಮ್ಯಾಚೂ ಅವನದೇ. ನಿನ್ನೆ ಸೆಮಿಫೈನಲ್‌ನಲ್ಲಿ ಫ್ರಿಟ್ಜ್ ನಾಲ್ಕನೇ ಸೆಟ್ಟಿನ ಟೈಬ್ರೇಕಿನಲ್ಲಿ 6-4 ಮುಂದಿದ್ದಾಗ ಇನ್ನೇನು ಐದನೇ ಸೆಟ್ ಅಂದುಕೊಂಡೆ. ಅಲ್ಕರಾಜ್ ಸತತ ನಾಲ್ಕು ಪಾಯಿಂಟ್ ಹೊಡೆದು ಮ್ಯಾಚನ್ನೇ ಮುಗಿಸಿಬಿಟ್ಟ.

ಆದರೂ ನಾನು ಸಿನ್ನರ್ ಕಡೆ. ವಿಂಬಲ್ಡನ್ ಹುಲ್ಲಿನ ಮೇಲೆ ಚೆಂಡು ಹೆಚ್ಚು ಏಳುವುದಿಲ್ಲ, ಜಾರಿ ಬರುತ್ತದೆ. ಅವನು ಹೊಡೆಯುವುದೂ ಚಪ್ಪಟೆಯಾಗಿ, ಜೋರಾಗಿ. 2022ರಲ್ಲಿ ಅದೇ ಹುಲ್ಲಿನ ಮೇಲೆ ಅಲ್ಕರಾಜ್‌ನನ್ನು ನಾಲ್ಕು ಸೆಟ್ಟಿನಲ್ಲಿ ಸೋಲಿಸಿದ್ದ, ಮರೆತೆಯಾ? ಈ ಸಲ ಅದೃಷ್ಟವೂ ಕೈಹಿಡಿದಿದೆ. ಡಿಮಿಟ್ರೊವ್ ಎರಡು ಸೆಟ್ ಮುಂದಿದ್ದವನು ಎದೆ ಹಿಡಿದುಕೊಂಡು ಕುಸಿದ, ಆಟ ಬಿಟ್ಟುಕೊಟ್ಟ. ಪಾಪ, ಅವತ್ತು ಸಿನ್ನರ್ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ನಿನ್ನೆ ಮಾತ್ರ ಜೊಕೊವಿಚ್‌ನನ್ನು 6-3, 6-3, 6-4ರಲ್ಲಿ ಸೋಲಿಸಿದ. (ಜೊಕೊವಿಚ್ ಕ್ವಾರ್ಟರ್ ಫೈನಲ್‌ನಲ್ಲಿ ಜಾರಿ ಬಿದ್ದಿದ್ದ, ಅದನ್ನೂ ಹೇಳಬೇಕಲ್ಲ.)

ನನಗೆ ಗೆಲುವಿಗಿಂತ ಜಾಸ್ತಿ ಕುತೂಹಲ ಇನ್ನೊಂದರ ಮೇಲೆ. ನಾಳೆ ಸಿನ್ನರ್‌ಗೆ ಮತ್ತೆ ಮ್ಯಾಚ್ ಪಾಯಿಂಟ್ ಬಂತು ಅಂತಿಟ್ಟುಕೋ. ನೆಟ್ಟಿನ ಆಚೆ ಅದೇ ಮುಖ. ಸರ್ವ್ ಮಾಡುವ ಮೊದಲು ಚೆಂಡನ್ನು ಎಷ್ಟು ಸಲ ಕುಕ್ಕುತ್ತಾನೆ? ನಾನಂತೂ ಎಣಿಸುತ್ತೇನೆ.

ಇವತ್ತಿನದ್ದು ಮರೆತೆ ಅಂದುಕೊಳ್ಳಬೇಡ. ಅನಿಸಿಮೋವಾ 2023ರಲ್ಲಿ ಮನಸ್ಸಿಗೆ ಸಾಕಾಗಿದೆ ಅಂತ ರ‍್ಯಾಕೆಟ್ ಕೆಳಗಿಟ್ಟು ಮನೆಯಲ್ಲಿ ಚಿತ್ರ ಬರೀತಾ ಕೂತಿದ್ದವಳು. ಹೋದ ವರ್ಷ ವಿಂಬಲ್ಡನ್ ಅರ್ಹತಾ ಸುತ್ತಿನಲ್ಲೇ ಸೋತಿದ್ದಳು. ಈ ವರ್ಷ ಸೆಮಿಫೈನಲ್‌ನಲ್ಲಿ ನಂಬರ್ ಒನ್ ಸಬಲೆಂಕಾಳನ್ನೇ ಹೊರಗೆ ಕಳಿಸಿದಳು. ಎದುರಿಗಿರುವುದು ಇಗಾ ಶ್ವಾಂಟೆಕ್. ಹುಲ್ಲು ತನಗೆ ಒಗ್ಗಲ್ಲ ಅಂತಿದ್ದವಳು ಬೆನ್ಸಿಕ್‌ಗೆ 6-2, 6-0 ಕೊಟ್ಟು ಬಂದಿದ್ದಾಳೆ. ಅವಳೂ ಗ್ರ್ಯಾನ್‌ಸ್ಲಾಮ್ ಫೈನಲ್‌ನಲ್ಲಿ ಐದಕ್ಕೆ ಐದು. 2017ರಿಂದ ವಿಂಬಲ್ಡನ್ ಹೆಂಗಸರಲ್ಲಿ ಪ್ರತಿ ಸಲವೂ ಹೊಸ ಚಾಂಪಿಯನ್ನೇ. ಇವತ್ತು ಯಾರು ಗೆದ್ದರೂ ಅದು ತಪ್ಪುವುದಿಲ್ಲ. ನನ್ನ ಮನಸ್ಸು ಅನಿಸಿಮೋವಾ ಕಡೆ, ಮೂರು ಸೆಟ್ಟಿಗಾದರೂ ಹೋಗಲಿ.

ಅಂದ ಹಾಗೆ, ಶ್ವಾಂಟೆಕ್ ಪಾಸ್ತಾಗೆ ಸ್ಟ್ರಾಬೆರಿ ಹಾಕಿಕೊಂಡು ತಿನ್ನುತ್ತಾಳಂತೆ. ಅಮ್ಮನಿಗೆ ಹೇಳಿ ನಕ್ಕೆ. ‘ಹಲಸಿನ ಹಣ್ಣಿನ ಕಡುಬು ತಿನ್ನೋ ನೀನು ನಗಬೇಡ’ ಅಂದಳು.

ಇಲ್ಲಿ ಮಳೆ ಹೊಯ್ಯುತ್ತಲೇ ಇದೆ. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿಸಿದ್ದೇನೆ, ಅಣ್ಣನ ಫೋನನ್ನೂ ಚಾರ್ಜಿಗಿಟ್ಟಿದ್ದೇನೆ. ನೀನು ನಿದ್ದೆ ಬಂದರೆ ಸುಮ್ನೆ ಮಲಗು. ಮೆಸೇಜ್ ಮಾತ್ರ ಹಾಕಬೇಡ.

ಇಂತಿ ನಿನ್ನ,
ಗಣಪತಿ