ಅಟ್ಟದ ಮೇಲಿರೋದು ಯಾರ ಸಾಮಾನು?

ಪ್ರೀತಿಯ ಸುಬ್ಬು,

ನಿನ್ನ ಉದ್ದನೆಯ ಮೆಸೇಜು ಓದಿದೆ. ಸಾಗರದ ಮನೆ ಖಾಲಿ ಮಾಡಿ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗೋದು ಅಂತ ಕೊನೆಗೂ ತೀರ್ಮಾನ ಆಯ್ತಲ್ಲ, ಒಳ್ಳೆಯದಾಯ್ತು. ಆದರೆ ಅಟ್ಟ, ಜಗಲಿ, ಕೊಟ್ಟಿಗೆ ತುಂಬ ಇರೋದನ್ನು ಎರಡು ಬೆಡ್‌ರೂಮಿನ ಫ್ಲಾಟಿಗೆ ತುರುಕೋದು ಹೇಗೆ ಅಂತ ಕೇಳಿ, "ಅಮ್ಮ ಒಂದು ಡಬ್ಬೀನೂ ಬಿಸಾಡೋಕೆ ಬಿಡಲ್ಲ" ಅಂತ ದೂರಿದ್ದೀಯ. ಆ ದೂರು ತಪ್ಪು ವಿಳಾಸಕ್ಕೆ ಹೋಗಿದೆ ಮಾರಾಯ.

ಅಟ್ಟದಲ್ಲಿ ಏನೇನಿದೆ ಅಂತ ನೀನೇ ಬರೆದಿದ್ದೀಯ, ಇನ್ನೊಂದು ಸಲ ಓದಿಕೋ. ನಿನ್ನ ಡಿಪ್ಲೊಮಾ ಕಾಲದ ಡ್ರಾಯಿಂಗ್ ಬೋರ್ಡು. ಅಮೆರಿಕದಲ್ಲಿರೋ ಅಣ್ಣನ ಕ್ಯಾರಂ, ಒಂದು ಟ್ರಂಕು ಕ್ಯಾಸೆಟ್ಟು. ಅಕ್ಕನ ಮಗನ ತೊಟ್ಟಿಲು, ವಾಕರ್. ಅವನಿಗೆ ಈಗ ಮೀಸೆ ಬಂದಿದೆ! ಚಿಕ್ಕಪ್ಪನಿಗೆ ವರ್ಗವಾದಾಗ "ಆಮೇಲೆ ಒಯ್ತೀನಿ" ಅಂತ ಬಿಟ್ಟುಹೋದ ಕಬ್ಬಿಣದ ಮಂಚ. ಇದರಲ್ಲಿ ಅಮ್ಮನದ್ದು ಯಾವುದು ಹೇಳು? ನೀವೆಲ್ಲ ಊರು ಬಿಟ್ಟಿರಿ, ಸಾಮಾನು ಕಾಯೋಕೆ ಅವರನ್ನು ಕೂರಿಸಿದಿರಿ. ಮಳೆಗಾಲ ಮುಗಿದ ಮೇಲೆ ಬೂಸಲು ಒರೆಸಿದವರು ಅವರು, ವರಲೆ ಹತ್ತದ ಹಾಗೆ ನೋಡಿಕೊಂಡವರು ಅವರು. ಈಗ ಗುಡ್ಡೆ ಹಾಕಿಕೊಂಡಿದ್ದಾರೆ ಅನ್ನೋ ಹೆಸರೂ ಅವರಿಗೇ.

ಆದ್ದರಿಂದ ಮೊದಲು ನಿಮ್ಮ ಮೂವರದ್ದು ಇಳಿಸು, ಅದರಲ್ಲೂ ನಿನ್ನದು ಮೊದಲು. ಅಣ್ಣನದ್ದು, ಅಕ್ಕನದ್ದು ಒಂದೊಂದೇ ಫೋಟೋ ತೆಗೆದು ವಾಟ್ಸಾಪಿಗೆ ಹಾಕು. ಬೇಕಾದರೆ ಯಾರ ಮನೆಗೆ, ಯಾರ ಖರ್ಚಿನಲ್ಲಿ, ಯಾವತ್ತು ಅಂತ ಅವರೇ ಹೇಳಲಿ. "ಇರ್ಲಿ ಬಿಡೋ, ಮುಂದಿನ ಸಲ ಬಂದಾಗ ನೋಡೋಣ" ಅಂದರೆ ಅದನ್ನು ಉತ್ತರ ಅಂತ ಎಣಿಸಬೇಡ. ಯುಗಾದಿವರೆಗೆ ಕಾಯ್ತೀನಿ, ಆಮೇಲೆ ಊರಲ್ಲಿ ಬೇಕಾದವರಿಗೆ ಕೊಡ್ತೀನಿ ಅಂತ ಬರೆದುಬಿಡು. ಹೇಳದೆ ಕೇಳದೆ ಮಾತ್ರ ಯಾರದ್ದನ್ನೂ ಎತ್ತಬೇಡ. ಅಣ್ಣನ ಆ ಕ್ಯಾಸೆಟ್ಟು ಕಸವೇ ಇರಬಹುದು, ಆದರೂ ಅದು ಅವನ ಕಸ.

ಅಮ್ಮನದ್ದೇ ಆದ ಸಾಮಾನಿಗೆ ಈ ಗಡುವು ಗಿಡುವು ನಡೆಯಲ್ಲ. ಅವರ ಸ್ಟೀಲ್ ಪಾತ್ರೆಗಳನ್ನು ಯಾವತ್ತಾದರೂ ಮಗುಚಿ ನೋಡಿದ್ದೀಯಾ? ಮದುವೆ, ಉಪನಯನ, ಗೃಹಪ್ರವೇಶಕ್ಕೆ ಉಡುಗೊರೆ ಕೊಡುವವರು ಹೆಸರು, ತಾರೀಕು ಕೊರೆಸಿಯೇ ಕೊಡುತ್ತಿದ್ದರು. ಆ ಡಬರಿ ಸೋದರತ್ತೆಯದ್ದು, ಈ ತಟ್ಟೆ ಪಕ್ಕದ ಮನೆಯವರದ್ದು. ಕೊಟ್ಟವರಲ್ಲಿ ಸುಮಾರು ಜನ ಈಗಿಲ್ಲ. ನೀನು "ಒಂದೇ ಥರದ್ದು ಹನ್ನೆರಡು ಯಾಕೆ" ಅಂತ ಕೇಳಿದಾಗ ಅವರ ಕಣ್ಣಿಗೆ ಕಾಣೋದು ಹನ್ನೆರಡು ಜನ. ಅದಕ್ಕೇ "ಇದು ಬೇಕಾ?" ಅಂತ ಕೇಳಬೇಡ, "ಇರ್ಲಿ" ಅಂತಲೇ ಅನ್ನುತ್ತಾರೆ. "ಇದನ್ನು ಯಾರಿಗೆ ಕೊಡೋಣ ಅಮ್ಮ?" ಅಂತ ಕೇಳು. ಕೊಡೋದು ಅಂದರೆ ಅವರ ಕೈ ಬೇಗ ಸಡಿಲವಾಗುತ್ತೆ. ಅಡಿಕೆ ಬೇಯಿಸೋ ತಾಮ್ರದ ಹಂಡೆಯನ್ನು ಗುಜರಿಗೆ ತೂಗಿ ಹಾಕೋ ಯೋಚನೆ ಇದ್ದರೆ ಬಿಡು. ದುಡ್ಡು ಬರುತ್ತೆ ನಿಜ, ಆದರೆ ಇನ್ನೂ ತೋಟ ಮಾಡುತ್ತಿರೋ ನೆಂಟರಿಗೆ ಕೊಟ್ಟರೆ ಮುಂದಿನ ಕೊಯ್ಲಿಗೆ ಅದು ಒಲೆ ಮೇಲಿರುತ್ತೆ. ಕಡಗೋಲು, ಒಗ್ಗರಣೆ ಸೌಟು, ಉಪ್ಪಿನಕಾಯಿ ಭರಣಿ ಫ್ಲಾಟಿಗೆ ಬರಲಿ. ನಿನ್ನ ಹೆಂಡತಿಯನ್ನು ಕೇಳಿ ಅಡುಗೆಮನೆಯಲ್ಲಿ ಒಂದು ಕಪಾಟು ಪೂರ್ತಿ ಅಮ್ಮನಿಗೆ ಬಿಡಿಸು.

ನನಗೆ ಭಯ ಇರೋದು ಅಪ್ಪನ ಕಾಗದದ ಗಂಟಿನ ಬಗ್ಗೆ. "ಹಳೇ ಪೇಪರ್‌ನವನಿಗೆ ಹಾಕ್ತೀನಿ" ಅಂತ ಒಂದೇ ಸಾಲಲ್ಲಿ ಬರೆದಿದ್ದೀಯ, ದಯವಿಟ್ಟು ತಡಿ. ಒಂದೊಂದೇ ಹಾಳೆ ಬಿಡಿಸಿ ನೋಡು. ನಿಮ್ಮದು ಗೇಣಿ ಜಮೀನು ಅಲ್ವಾ? 1974ರ ಭೂಸುಧಾರಣೆಯ ನಂತರ ನಿಮ್ಮ ಹೆಸರಿಗಾಗಿದ್ದರೆ ಭೂ ನ್ಯಾಯಮಂಡಳಿಯ ಆದೇಶ, ನಮೂನೆ 10 ಅಂದರೆ ಜಮೀನು ನಿಮ್ಮದಾಯ್ತು ಅನ್ನೋ ಪ್ರಮಾಣಪತ್ರ, ಅದರಲ್ಲೇ ಇರಬೇಕು. ಕ್ರಯಪತ್ರ, ಕೈಬರಹದ ಪಹಣಿ, ಕಂದಾಯದ ರಶೀದಿ ಯಾವುದನ್ನೂ ಕಳೀಬೇಡ. ಪೌತಿ ಖಾತೆ, ಅಂದರೆ ತೀರಿಕೊಂಡ ಅಪ್ಪನ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಇನ್ನೂ ಮಾಡಿಸಿಲ್ಲ ಅಂದಿದ್ದೆ, ಆಗ ಬೇಕಾಗುತ್ತೆ. ಹಳೇ ಪಾಸ್‌ಬುಕ್ ಸಿಕ್ಕರೆ ಎತ್ತಿಡು. ಹತ್ತು ವರ್ಷ ವ್ಯವಹಾರ ಇಲ್ಲದ ಖಾತೆಯ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ, ಆದರೂ ವಾರಸುದಾರರು ಅದೇ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು. ಹುಡುಕೋಕೆ 2023ರಲ್ಲಿ ಉದ್ಗಮ್ ಅನ್ನೋ ಜಾಲತಾಣ ಮಾಡಿದ್ದಾರೆ. ಷೇರು ಪತ್ರ ಇದ್ದರೂ ಹಾಗೇ: ಏಳು ವರ್ಷ ಸತತವಾಗಿ ಡಿವಿಡೆಂಡ್ ಯಾರೂ ತೆಗೆದುಕೊಳ್ಳದಿದ್ದರೆ ಆ ಷೇರು ಹೂಡಿಕೆದಾರರ ಹಿತ ಕಾಯೋಕೆ ಸರ್ಕಾರ ಮಾಡಿರೋ ಐಇಪಿಎಫ್ ಅನ್ನೋ ನಿಧಿಗೆ ವರ್ಗವಾಗುತ್ತೆ, ಅಲ್ಲಿಂದಲೂ ಬಿಡಿಸಿಕೊಳ್ಳಬಹುದು. ಕರೆಂಟ್ ಬಿಲ್ಲು, ಮದುವೆ ಕರೆಯೋಲೆ ಬೇಕಾದರೆ ಹಂಡೆ ಒಲೆಗೆ ಹಾಕು.

ಹಳೇ ಟೀವಿಯನ್ನು ಗುಜರಿಯವನ ಕೈಗೆ ಕೊಡಬೇಡ, ಒಡೆದು ತಾಮ್ರ ತೆಗೆದು ಉಳಿದದ್ದು ಹಳ್ಳಕ್ಕೆ ಎಸೀತಾನೆ. ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತೆ. ಬೆಂಗಳೂರಿಗೆ ಬರೋ ಲಾರಿಯಲ್ಲೇ ಹಾಕಿಕೊಂಡು ಬಾ, ಇಲ್ಲಿ ಇ-ತ್ಯಾಜ್ಯ ತಗೊಳ್ಳೋರಿದ್ದಾರೆ. ಮೆತ್ತಗಾದ ಹತ್ತಿ ಸೀರೆ ಕೌದಿಗೆ ಆಗುತ್ತೆ. ದೇವರ ಫೋಟೋಗಳನ್ನು ಅಶ್ವತ್ಥಕಟ್ಟೆ ಮೇಲೆ ಇಟ್ಟು ಬರೋ ಪದ್ಧತಿ ನನಗೆ ಹಿಡಿಸಲ್ಲ. ಎರಡು ಮಳೆಗೆ ಆ ದೇವರುಗಳ ಗತಿ ಏನಾಗುತ್ತೆ ಅಂತ ನೀನೂ ನೋಡಿದ್ದೀಯ. ಗಾಜು, ಕಟ್ಟು ಬಿಚ್ಚಿ ಚಿತ್ರ ಮಾತ್ರ ಒಂದು ಫೈಲಿನಲ್ಲಿಟ್ಟರೆ ಜಾಗವೇ ಬೇಡ, ಆದರೆ ಅಮ್ಮ ಒಪ್ಪಿದರೆ ಮಾತ್ರ.

ಅಪ್ಪನ ಕಸ್ತೂರಿ, ಸುಧಾ ಸಂಚಿಕೆಗಳ ಕಟ್ಟು ಯಾರಿಗೂ ಕೊಡಬೇಡ, ನಾನೇ ಬಂದು ನೋಡ್ತೀನಿ. ಕಸ್ತೂರಿ 1956ರಿಂದ, ಸುಧಾ 1965ರಿಂದ ಬರ್ತಿವೆ, ಮೊದಲ ವರ್ಷಗಳದ್ದು ಸಿಕ್ಕರೂ ಸಿಗಬಹುದು. ಹೌದು, ನನ್ನ ಮನೆಯಲ್ಲೂ ಜಾಗ ಇಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ.

ಶಿವರಾತ್ರಿ ರಜೆಗೆ ಬರ್ತೀನಿ. ನಿಮ್ಮ ಅಟ್ಟದ ಏಣಿಯ ಎರಡನೇ ಮೆಟ್ಟಿಲು ಅಲ್ಲಾಡ್ತಿತ್ತು, ಅಷ್ಟರೊಳಗೆ ಒಂದು ಮೊಳೆ ಹೊಡೆಸಿಡು.

ನಿನ್ನ,
ಗುರು